ಕಚೇರಿಯ ಮಾಳಿಗೆಯ ಮಣ್ಣು

ಉಮರ್ಗಾ, ನಿಲಂಗಾ, ಉದಗೀರ: ನನ್ನ ಬದುಕಿನ ಮೊದಲರ್ಧ ಈ ಮೂರು ಊರುಗಳಲ್ಲಿ ಕಳೆಯಿತು. ಮೂರರಲ್ಲೂ ನಿಜಾಮ ಸರ್ಕಾರದ ಕಚೇರಿಗಳಿದ್ದವು, ಮೂರರ ಪಡಸಾಲೆಯಲ್ಲೂ ಚಾಪೆ ಹಾಸಿ ಕುಳಿತು ಅರ್ಜಿ ಬರೆದಿದ್ದೇನೆ. ಈಗ ಹೇಳುವ ಕಚೇರಿ ಯಾವ ಊರಿನದೆಂದು ಬರೆಯುವುದಿಲ್ಲ. ಅದರ ಮಾಳಿಗೆಗೆ ಮಣ್ಣು ಹೊರುತ್ತಿದ್ದ ಮನೆಯವರ ಮೊಮ್ಮಕ್ಕಳು ಇನ್ನೂ ಆ ಸೀಮೆಯಲ್ಲಿ ಹೊಲ ಉಳುತ್ತಿದ್ದಾರೆ. ಅವರನ್ನು ಕೇಳದೆ ಅವರ ಮನೆಯ ಮಾತನ್ನು ಊರ ಹೆಸರು ಹಾಕಿ ಅಚ್ಚಿಗೆ ಕೊಡುವುದು ಸರಿಯಲ್ಲ.

ಆಗ ನನಗೆ ಎರಡು ಕೆಲಸ. ಸರ್ಕಾರದ ಭಾಷೆ ಉರ್ದು. ಕಚೇರಿಗೆ ಬರುವ ರೈತರ ಮಾತು ಕನ್ನಡ ಇಲ್ಲವೆ ಮರಾಠಿ, ಹೆಚ್ಚಾಗಿ ಎರಡೂ ಕೂಡಿದ್ದು. ಅವರು ಹೇಳಿದ್ದನ್ನು ಉರ್ದುವಿನಲ್ಲಿ ಬರೆದುಕೊಟ್ಟು ಹೊಟ್ಟೆ ಹೊರೆಯುತ್ತಿದ್ದೆ. ಜೊತೆಗೆ ಸೊಲ್ಲಾಪುರದ ಒಂದು ವಾರಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ: ಮಳೆ, ಬೆಳೆ, ಪ್ಲೇಗು, ಅಧಿಕಾರಿಗಳ ವರ್ಗ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬರೆಯಬೇಕೆಂದು ಆ ಪತ್ರಿಕೆಯ ಸಂಪಾದಕರು ಕಟ್ಟುನಿಟ್ಟು ಮಾಡಿದ್ದರು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಕಟ್ಟಡದ ಹಿಂದಿನ ಚರಿತ್ರೆಯೆಲ್ಲ ಕೇಳಿದ್ದು. ಮೊದಲು ಅದು ಒಬ್ಬ ಜಹಗೀರದಾರನ ಧಾನ್ಯದ ಉಗ್ರಾಣ. ಕರಿಕಲ್ಲಿನ ದಪ್ಪ ಗೋಡೆ, ಕಿಟಕಿ ಇಲ್ಲ. ಆಮೇಲೆ ಅವನ ಮಗ ಅದರ ಮುಂದೆ ಅಂಗಳ ಬಿಟ್ಟು, ಸುತ್ತ ಇಟ್ಟಿಗೆಯ ಕೋಣೆಗಳನ್ನು ಕಟ್ಟಿ, ದೊಡ್ಡ ಬಾಗಿಲು ಇಡಿಸಿ ಮನೆ ಮಾಡಿಕೊಂಡ. ವಂಶ ನಿಂತ ಮೇಲೆ ಸರ್ಕಾರ ಅದನ್ನು ವಶಪಡಿಸಿಕೊಂಡು ತಹಸೀಲ ಕಚೇರಿ ಇಟ್ಟಿತು. ಉಗ್ರಾಣ ಖಜಾನೆಯಾಯಿತು. ಬೈಠಕ್ಕಿನ ಹಜಾರದಲ್ಲಿ ತಹಸೀಲದಾರರ ಇಜಲಾಸು, ಎಂದರೆ ಅರ್ಜಿ ತಕರಾರುಗಳ ವಿಚಾರಣೆ, ನಡೆಯತೊಡಗಿತು. ಕುದುರೆಲಾಯದಲ್ಲಿ ದಫ್ತರ ಇಟ್ಟರು. ಮಳೆಗಾಲದಲ್ಲಿ ಕಾಗದಗಳಿಂದ ಕುದುರೆಯ ವಾಸನೆ ಬರುತ್ತದೆಂದು ಗುಮಾಸ್ತರು ನಗುತ್ತಿದ್ದರು. ನನಗೆ ಬಂದದ್ದು ಇಲಿಯ ವಾಸನೆ ಮಾತ್ರ.

ಹೊಸಬರು ಬಂದರೆ ಮೊದಲು ನೋಡುತ್ತಿದ್ದದ್ದು ಹಜಾರದ ಕಂಬಗಳನ್ನು. ಜಹಗೀರದಾರನ ಕಾಲದ ಸಾಗವಾನಿ ಕಂಬಗಳು ಕೆತ್ತನೆಯವು, ಅವು ಸಾಲಾಗಿ ನಿಂತಿದ್ದವು. ಉಳಿದವಕ್ಕೆ ಸಾಲೂ ಇಲ್ಲ, ಜೋಡಿಯೂ ಇಲ್ಲ. ಒಂದು ಬೇವಿನದು, ಇನ್ನೊಂದು ಜಾಲಿಯದು. ಎಲ್ಲೋ ಹಾಳು ಗುಡಿಯಿಂದ ತಂದ ಕಲ್ಲಿನ ಕಂಬವೊಂದು, ಹಸಿರು ಬಣ್ಣ ಬಳಿದ ಮತ್ತೊಂದು. ಅರ್ಜಿ ಹಿಡಿದು ಬಂದ ರೈತ ತಹಸೀಲದಾರರ ಮುಂದೆ ನಿಲ್ಲಬೇಕಾದರೆ ಜೋಳದ ಹೊಲದಲ್ಲಿ ಹಾದಿ ಮಾಡಿಕೊಂಡು ಹೋದಂತೆ ಹೋಗಬೇಕು. ಪೇಶಕಾರರ, ಎಂದರೆ ತಹಸೀಲದಾರರ ಹಿರಿಯ ಗುಮಾಸ್ತರ, ಗಾದಿಯ ಎದುರಿಗೇ ಒಂದು ಕಂಬವಿತ್ತು. ಎದುರು ನಿಂತವನ ಮುಖ ಕಾಣಬೇಕಾದರೆ ಅವರು ಪಕ್ಕಕ್ಕೆ ಬಾಗುತ್ತಿದ್ದರು. ಹೊಸ ಅಧಿಕಾರಿ ಬಂದಾಗಲೆಲ್ಲ ಒಂದೆರಡು ಕಂಬ ಕೂಡುತ್ತವೆ, ತಮ್ಮ ಗುರುತು ಬಿಟ್ಟುಹೋಗುವ ಆಸೆ ಎಲ್ಲರಿಗೂ ಇರುತ್ತದೆ ಎಂದು ಊರಿನವರು ತಿಳಿದಿದ್ದರು. ಹೊರಗಿನಿಂದ ನೋಡಿದರೆ ಮಾಳಿಗೆಯ ಸುತ್ತಲಿನ ಕುಂಬಿ ಗೋಡೆಯಲ್ಲಿ ಬೇರೆ ಬೇರೆ ಕಾಲದ ಇಟ್ಟಿಗೆಗಳು ಕಾಣುತ್ತಿದ್ದವು. ಅದನ್ನೂ ಮತ್ತೆ ಮತ್ತೆ ಎತ್ತರಿಸಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಮ್ಮ ಕಡೆಯ ಮಾಳಿಗೆ ಎಂದರೆ ಮಣ್ಣಿನ ಚಾವಣಿ. ಕೆಳಗೆ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಬೇವಿನ ತೊಪ್ಪಲು, ಅದರ ಮೇಲೆ ಬಿಳಿ ಮಣ್ಣು. ಹಾಳುಬಿದ್ದ ಊರುಗಳ ದಿಬ್ಬದಲ್ಲಿ ಸಿಗುವ ಈ ಮಣ್ಣು ನೀರನ್ನು ಒಳಗೆ ಬಿಡುವುದಿಲ್ಲ, ಬೇಸಿಗೆಯ ಕಾವನ್ನೂ ತಡೆಯುತ್ತದೆ. ರೋಹಿಣಿ ಮಳೆ ಹತ್ತುವ ಮೊದಲು ಮನೆಮನೆಯ ಮಾಳಿಗೆಗೂ ಹೊಸ ಮಣ್ಣು ಬೀಳುತ್ತದೆ. ಕಚೇರಿಯ ಮಾಳಿಗೆಗೆ ಮಣ್ಣು ಹಾಕುವ ಚಾಕರಿ ಹತ್ತಿರದ ಹಳ್ಳಿಯ ಒಂದು ಶಿವಭಕ್ತ ಒಕ್ಕಲು ಮನೆಗೆ ಸೇರಿತ್ತು. ಜಹಗೀರದಾರನ ಕಾಲದಿಂದಲೂ ಅವರು ಈ ಚಾಕರಿ ಮಾಡಿಕೊಂಡು ಬಂದಿದ್ದರು, ಅದಕ್ಕಾಗಿ ಹಳ್ಳದ ದಂಡೆಯ ಒಂದು ಎರೆಹೊಲವನ್ನು ಕಂದಾಯವಿಲ್ಲದೆ ಉಣ್ಣುತ್ತಿದ್ದರು. ಒಂದೇ ಶರತ್ತು: ಯಾವ ವರ್ಷವೂ ತಪ್ಪಬಾರದು. ತಪ್ಪಿದರೆ ಹೊಲ ಸರ್ಕಾರಕ್ಕೆ. ಜನ ಅವರನ್ನು ಮಣ್ಣಿನವರು ಎಂದೇ ಕರೆಯುತ್ತಿದ್ದರು.

ನಾನು ಕಂಡ ಕಾಲಕ್ಕೆ ಆ ಮನೆಯ ಯಜಮಾನಿಕೆ ಒಬ್ಬ ವಿಧವೆಯದು. ಗಂಡ ತೀರಿಕೊಂಡು ಹಲವು ವರ್ಷಗಳಾಗಿದ್ದವು. ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಲ್ಲ ಆ ಒಂದು ಹೊಲದ ಮೇಲೆ. ಬೇರೆ ಭೂಮಿ ಇಲ್ಲ. ಮಣ್ಣು ಹಾಕುವ ದಿನ ಆಕೆಯೇ ಮುಂದಿನ ಗಾಡಿಯಲ್ಲಿ ಕುಳಿತು ಬರುತ್ತಿದ್ದರು. ಮಕ್ಕಳು ಬುಟ್ಟಿ ಹೊತ್ತು ಮೇಲೆ ಸುರಿದು, ನೀರು ಚಿಮುಕಿಸಿದ ಮೇಲೆ, ಅವರದೇ ಹಳ್ಳಿಯ ಬೀರಪ್ಪ ದೇವರ ಒಕ್ಕಲಿನ ಕುರಿಗಾರನೊಬ್ಬ ತನ್ನ ಕುರಿಹಿಂಡನ್ನು ಕಲ್ಲಿನ ಮೆಟ್ಟಿಲು ಹತ್ತಿಸಿ ಮಾಳಿಗೆಯ ತುಂಬ ತಿರುಗಾಡಿಸುತ್ತಿದ್ದ. ಕುರಿಯ ಗೊರಸಿಗೆ ಮಣ್ಣು ಕೂಡುವಷ್ಟು ಗಟ್ಟಿಯಾಗಿ ಮರದ ಕೊರಡಿಗೆ ಕೂಡುವುದಿಲ್ಲ ಎಂಬುದು ಅವರ ನಂಬಿಕೆ. ಅಂದು ಕೆಳಗೆ ಇಜಲಾಸು ನಡೆದಿದ್ದರೆ ವಾದಿಯ ಮಾತು, ಪ್ರತಿವಾದಿಯ ಮಾತು, ತಲೆಯ ಮೇಲೆ ಕುರಿಗಳ ಮಾತು ಮೂರೂ ಕೂಡಿ ಕೇಳುತ್ತಿದ್ದವು.

ಆ ಬೇಸಿಗೆ ಹೈದರಾಬಾದಿನಿಂದ ಒಬ್ಬ ಓವರಸೀಯರ ಬಂದರು. ತರುಣರು, ಶಿಸ್ತಿನವರು. ಕಚೇರಿಯ ಮರಮ್ಮತ್ತಿಗೆ ಹಣ ಮಂಜೂರಾಗಿತ್ತು. ಗೋಡೆಗೆ ಹೊಸ ಗಾರೆ, ಬಾಗಿಲಿಗೆ ಕಮಾನು, ಕತ್ತಲೆಯ ಖಜಾನೆಗೆ ಒಂದು ಕಿಟಕಿ, ಇಷ್ಟೇ ಅವರಿಗೆ ಹೇಳಿ ಕಳಿಸಿದ ಕೆಲಸ. ಮಾಳಿಗೆಯ ಮಾತು ಅದರಲ್ಲಿ ಇರಲಿಲ್ಲ.

ಅವರು ಬಂದ ವಾರದಲ್ಲೇ, ಕಚೇರಿ ತುಂಬಿದ ಹೊತ್ತಿನಲ್ಲಿ, ಹಜಾರದ ನಡುವಿನ ತೊಲೆ ಲಟ್ಟೆಂದಿತು. ನಾನು ಪಡಸಾಲೆಯಲ್ಲಿದ್ದೆ. ಸದ್ದು ಬಂದೂಕಿನದೆಂದುಕೊಂಡೆ. ಒಳಗಿನಿಂದ ಜನ ಹೊರಗೆ ನುಗ್ಗಿದರು. ಪೇಶಕಾರರು ದಪ್ಪ ದೇಹದವರು, ಅವಸರದಲ್ಲಿ ಎರಡು ಕಂಬಗಳ ನಡುವೆ ಸಿಕ್ಕಿಕೊಂಡರು. ಇಬ್ಬರು ಚಪರಾಸಿಗಳು ಹಿಂದಿನಿಂದ ನೂಕಿ ಬಿಡಿಸಬೇಕಾಯಿತು. ಹುಲ್ಲುಗಾವಲಿನ ಪರವಾನಗಿಗಾಗಿ ಕಾದು ಕುಳಿತಿದ್ದ ಅದೇ ಕುರಿಗಾರ ಹೊರಗೆ ಅವರ ಮುಖ ನೋಡಿ ಕೇಳಿದ:

"ಪೇಶಕಾರ ಸಾಹೇಬ್ರ, ಕಂಬ ನೀವು ಹಿಡಕೊಂಡಿದ್ರೋ, ಕಂಬೇ ನಿಮಗ ಹಿಡಕೊಂಡಿತ್ತೋ?"

"ಗಪ್ ಬೈಸ್! ನಂದು ಜೀವ ಹೋಗ್ಲತಿತ್ತು, ಇವಗ ಚ್ಯಾಷ್ಟಿ."

"ಜೀವ ಹ್ಯಾಂಗ ಹೋಗ್ತದ್ರಿ, ಹೊರಗ ಬರ್ಲಿಕ್ಕಿ ಒಂದು ಸಂದಿಯರ ಬೇಕಲ್ಲ."

ಓವರಸೀಯರರು ಮಾತ್ರ ನಗಲಿಲ್ಲ. ಕೂಲಿಗಳನ್ನು ಕರೆದುಕೊಂಡು ನೇರ ಮಾಳಿಗೆ ಹತ್ತಿದರು. ಕೂಲಿಗಳ ಕನ್ನಡ ಅವರಿಗೆ ತಿಳಿಯದ್ದರಿಂದ ನನ್ನನ್ನೂ ಕರೆದರು. ಇಲ್ಲಿಂದ ಮುಂದಿನದು ನಾನು ಕಂಡದ್ದು.

ಸೀಳಿದ ತೊಲೆಯ ಮೇಲಿನ ಜಾಗ ಬಿಟ್ಟು, ಗೋಡೆಯ ಹತ್ತಿರ ಗುದ್ದಲಿ ಹಾಕಿಸಿದರು. ಬಿಳಿ ಮಣ್ಣು ಬಂತು, ಕೆಳಗೆ ಕರಿಯ ತೆಳುಗೆರೆ. ಮತ್ತೆ ಬಿಳಿ, ಮತ್ತೆ ಕರಿಗೆರೆ. ಕರಿಯದು ಒಂದೊಂದು ವರ್ಷದ ಹುಲ್ಲು, ಧೂಳು, ಕುರಿಯ ಹಿಕ್ಕೆ. ನಡುವೆ ಒಂದು ಪದರು ಕೆಂಪಗಿತ್ತು. ಅದು ಬರದ ವರ್ಷದ್ದು, ಬಡಕಲು ಎತ್ತು ದಿಬ್ಬದವರೆಗೆ ಹೋಗಲಾರದೆ ಹತ್ತಿರದ ಕೆಮ್ಮಣ್ಣು ತಂದಿದ್ದೆವು ಎಂದು ಮಣ್ಣಿನವರ ಹಿರಿಮಗ ಆಮೇಲೆ ಹೇಳಿದ. ಕುಣಿಯಲ್ಲಿ ಇಳಿದವನ ಸೊಂಟದ ಮಟ್ಟಕ್ಕೆ ಬಂದರೂ ಕಟ್ಟಿಗೆ ಸಿಗಲಿಲ್ಲ. ಅಗೆಯುತ್ತಿದ್ದ ಕೂಲಿ ನಿಂತು ಬೆವರು ಒರೆಸಿಕೊಂಡ.

"ನಮ್ಮ ಮನಿ ಮ್ಯಾಲ ಇದರ ಕಾಲಭಾಗ ಮಣ್ಣ ಇಲ್ರಿ," ಎಂದ.

ನಾನು ಅದನ್ನು ಉರ್ದುವಿನಲ್ಲಿ ಹೇಳಿದೆ. ಓವರಸೀಯರರು ಕುಂಬಿಯ ಮೇಲೆ ಕುಳಿತುಬಿಟ್ಟರು. ಇಲ್ಲಿ ಜೋಳ ಬಿತ್ತಬಹುದು, ಹಿಂಗಾರಿ ಬೆಳೆಯೂ ತೆಗೆಯಬಹುದು, ಕೆಳಗಿನವರು ಇಷ್ಟು ದಿನ ಹೇಗೆ ಬದುಕಿದ್ದಾರೋ ತಿಳಿಯದು ಎಂದರು. ಆಮೇಲೆ ಕೆಳಗಿಳಿದು ಒಂದೊಂದೇ ಕಂಬದ ಬಳಿ ನಿಂತು ತಲೆ ಎತ್ತಿ ನೋಡಿದರು. ನಾನೂ ಅವರ ಹಿಂದೆ ನೋಡುತ್ತ ಹೋದೆ. ಎಲ್ಲೆಲ್ಲಿ ತೊಲೆ ಬಗ್ಗಿತ್ತೋ ಅಲ್ಲಲ್ಲಿ ಒಂದು ಕಂಬ ಇತ್ತು. ಒಬ್ಬ ಅಧಿಕಾರಿ ಬಂದ ವರ್ಷ ಒಂದು ತೊಲೆ ಇಳಿದಿದೆ, ಕಂಬ ಕೊಟ್ಟಿದ್ದಾರೆ. ಇನ್ನೊಬ್ಬರ ಕಾಲಕ್ಕೆ ಮಣ್ಣು ಕುಂಬಿಯಿಂದ ಆಚೆ ಸುರಿದಿದೆ, ಕುಂಬಿ ಎತ್ತರಿಸಿದ್ದಾರೆ. ಆ ಕಟ್ಟಡಕ್ಕೆ ಮಾಡಿದ ಮರಮ್ಮತ್ತುಗಳೆಲ್ಲ ಮಾಳಿಗೆಯ ಮಣ್ಣಿಗೆ ಕೊಟ್ಟ ಆಸರೆಗಳಾಗಿದ್ದವು, ಮಾಡಿದವರಿಗೆ ಅದು ಗೊತ್ತಿರಲಿಲ್ಲ.

ಓವರಸೀಯರರು ಅಂದೇ ಮೇಲಿನವರಿಗೆ ಬರೆದರು: ಮಣ್ಣು ತೆಗೆದು, ತೊಲೆ ಬದಲಿಸಿ, ಸುಣ್ಣದ ಗಚ್ಚು ಹಾಕಬೇಕು, ಅಲ್ಲಿಯವರೆಗೆ ಮೇಲೆ ಒಂದು ಬುಟ್ಟಿ ಮಣ್ಣೂ ಬೀಳಕೂಡದು. ಮೆಟ್ಟಿಲಿಗೆ ಅಡ್ಡ ಹಗ್ಗ ಕಟ್ಟಿಸಿದರು. ಇಜಲಾಸನ್ನು ಪಡಸಾಲೆಗೆ ತಂದರು.

ಪೇಶಕಾರರು ಹಗ್ಗವನ್ನು ನೋಡಿ ನನ್ನ ಚಾಪೆಯ ಬಳಿ ಬಂದು ಮೆಲ್ಲಗೆ ಹೇಳಿದರು: "ಮುನಶಿ, ಗಚ್ಚು ಬಿತ್ತಂದ್ರ ಮಣ್ಣು ಬಂದ್. ಮಣ್ಣು ಬಂದ್ ಅಂದ್ರ ಚಾಕರಿ ಬಂದ್. ಚಾಕರಿ ಇಲ್ಲಂದ್ರ ಆ ಮುದುಕಿ ಹೊಲ ಹೋಯ್ತು. ಕಾಯದಾ ಅದ, ನಾ ಏನ್ ಮಾಡ್ಲಿ?"

ಅವರ ದನಿಯಲ್ಲಿ ಸಂತೋಷವೂ ಇರಲಿಲ್ಲ, ಮರುಕವೂ ಇರಲಿಲ್ಲ. ನಾಳೆ ಕಚೇರಿಗೆ ರಜೆ ಎನ್ನುವಂತೆ ಹೇಳಿ ಹೋದರು.

ಹಳ್ಳಿಗೆ ಸುದ್ದಿ ತಲುಪಿತ್ತೋ ಇಲ್ಲವೋ ತಿಳಿಯದು. ರೂಢಿಯ ದಿನ ಬೆಳಗ್ಗೆ ಗಾಡಿಗಳು ಬಂದವು. ಎಲ್ಲದರಲ್ಲೂ ತುಂಬಿದ ಬಿಳಿ ಮಣ್ಣು. ಮುಂದಿನ ಗಾಡಿಯಲ್ಲಿ ಆಕೆ, ಹಿಂದೆ ಕುರಿಹಿಂಡು. ಓವರಸೀಯರರು ಬಾಗಿಲಿಗೆ ಅಡ್ಡ ನಿಂತು ನನ್ನ ಕಡೆ ನೋಡಿದರು.

"ಯವ್ವಾ, ಈ ವರ್ಷ ಮಣ್ಣ ಬ್ಯಾಡ ಅಂತಾರ," ಎಂದೆ.

"ಯಾರು ಅಂತಾರ?"

"ಹೈದರಾಬಾದಿಂದ ಬಂದ ಈ ಸಾಹೇಬ್ರು. ಮಾಳಗಿ ತಡಿಯಾಂಗಿಲ್ಲಂತ."

"ಇವರು ಕೊಟ್ಟಾರೇನು ನಮಗ ಹೊಲಾ? ಕೊಟ್ಟವ್ರು ಬಂದು ಬ್ಯಾಡ ಅನ್ಲಿ. ಆಗ ನಾ ಗಾಡಿ ಹೊಳ್ಳಸ್ತೀನಿ."

ಪೇಶಕಾರರು ಒಳಗಿನಿಂದಲೇ ಕೂಗಿದರು. "ಅವ್ವಾ, ಗಾಡಿ ಹೊಳ್ಳಸೂ ಮೊದಲ ವಿಚಾರ ಮಾಡು. ಮಣ್ಣು ಹಾಕಲಿಲ್ಲಂದ್ರ ವರ್ಷ ತಪ್ಪದಂಗ. ತಪ್ತಂದ್ರ ನಿಂಗ ಗೊತ್ತದ."

ನಾನು ಇದನ್ನು ಓವರಸೀಯರರಿಗೆ ಹೇಳಿದೆ. ಅವರು ಕೆಂಪಾದರು. ಹಾಕಿದರೆ ಹಜಾರ ಕುಸಿಯುತ್ತದೆ, ಖಜಾನೆಯ ಪಹರೆಯವರು ರಾತ್ರಿ ಅದರ ಕೆಳಗೇ ಮಲಗುತ್ತಾರೆ, ಅದನ್ನೂ ಆಕೆಗೆ ಹೇಳು ಎಂದರು. ಹೇಳಿದೆ. ಆಕೆ ಗಾಡಿಯಿಂದ ಇಳಿದು ಸೆರಗು ಸರಿಮಾಡಿಕೊಂಡು ಕಟ್ಟಡವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಅಷ್ಟರಲ್ಲಿ ಹಿಂದೆ ಗದ್ದಲವಾಯಿತು. ನಮ್ಮ ಮಾತಿನ ನಡುವೆ ಕುರಿಗಳು ಪಕ್ಕದಿಂದ ನುಸುಳಿ, ಹಗ್ಗದ ಕೆಳಗೆ ತೂರಿ ಮೆಟ್ಟಿಲು ಹತ್ತತೊಡಗಿದ್ದವು. ಓವರಸೀಯರರು ಟೋಪಿ ಹಿಡಿದುಕೊಂಡು ಅವುಗಳ ಹಿಂದೆ ಓಡಿದರು.

"ಏ ತಮ್ಮಾ, ನಿನ್ನ ಕುರಿ ಹಿಡಿಯೋ!" ಎಂದು ಆಕೆ ಕುರಿಗಾರನನ್ನು ಗದರಿದರು.

"ಹಿಡೀಲಿಕ್ಕಿ ಬರಾಂಗಿಲ್ಲ ಯಕ್ಕಾ. ವರ್ಷಾ ವರ್ಷಾ ಬಂದು ರೂಢಿ ಆಗ್ಯದ. ಇವಕ ಹೊಸಾ ಹುಕುಂ ಯಾರರ ಓದಿ ಹೇಳ್ಬೇಕು."

ಕುರಿಗಳನ್ನು ಇಳಿಸಿದ್ದಾಯಿತು. ತಹಸೀಲದಾರರು ಹಳ್ಳಿಗಳ ತಿರುಗಾಟಕ್ಕೆ ಹೋಗಿದ್ದರು, ಸಂಜೆಗೆ ಬರುವವರಿದ್ದರು. ಆಕೆ ಎತ್ತುಗಳನ್ನು ಬಿಚ್ಚಿಸಿ ಗಾಡಿಯ ನೆರಳಿನಲ್ಲಿ ಕುಳಿತರು. ಮಕ್ಕಳು ಮನೆಗೆ ಹೋಗೋಣವೆಂದರೆ ಏಳಲಿಲ್ಲ. ಮಣ್ಣು ಬಾಗಿಲಿಗೆ ಬಂದಿದೆ, ಇದಕ್ಕಿಂತ ಒಳಗೆ ಬಿಡದವರು ಅವರು, ತಪ್ಪಿದವರು ನಾವಲ್ಲ ಎಂಬುದು ಆಕೆಯ ಲೆಕ್ಕ. ಆ ಲೆಕ್ಕವನ್ನು ಸರ್ಕಾರ ಒಪ್ಪುತ್ತದೆಯೇ ಎಂಬುದು ಆಕೆಗೂ ತಿಳಿಯದು, ನನಗೂ ತಿಳಿಯದು.

ಮಧ್ಯಾಹ್ನ ನನ್ನನ್ನು ಕರೆದು ಅರ್ಜಿ ಬರೆ ಎಂದರು. ಬರೆಯುವ ಮೊದಲು ನಾನು ಕೂಲಿ ಹೇಳಿದ ಮಾತನ್ನು ಕೇಳಿದೆ. ಬೇರೆಯವರ ಮಾಳಿಗೆಯ ಮೇಲೆ ಇಷ್ಟು ಮಣ್ಣಿಲ್ಲ, ಇಲ್ಲಿ ಯಾಕೆ?

ಆಕೆ ಹೇಳಿದರು. "ನಮ್ಮ ಮನ್ಯಾಗ ಹಳೀ ಮಣ್ಣ ಕೆರೆದು ತೆಗದು ಆಮ್ಯಾಲ ಹೊಸಾದು ಹಾಕ್ತೀವಿ. ಎಲ್ಲಾರೂ ಹಂಗೇ ಮಾಡ್ತಾರ. ಇಲ್ಲಿ ತಗಿಯಾಂಗಿಲ್ಲ."

"ಯಾಕ?"

"ನಮ್ಮ ಮಾವ ಒಂದ್ ಸಲ ತಗದಿದ್ದ. ಕೆರೆದ ಮಣ್ಣ ಬುಟ್ಟ್ಯಾಗ ಹೊತ್ಕೊಂಡು ಇಳದು ಬಾಗಲದಾಗ ಬಂದಾನ, ಪಹರೇದವ ಹಿಡದಾನ. ಸರ್ಕಾರಿ ಮಾಲು ಎಲ್ಲಿಗಿ ಒಯ್ಲತಿ ಅಂತ. ಇದು ಮಣ್ಣೋ ಯಪ್ಪಾ ಅಂದ್ರ, ಸರ್ಕಾರದ ಮ್ಯಾಲಿಂದು ಮಣ್ಣಾದ್ರೂ ಸರ್ಕಾರದ್ದೇ ಅಂದನಂತ. ಹಗಲೆಲ್ಲಾ ಕೋಣ್ಯಾಗ ಕೂಡಿಸಿದ್ರು. ಹುಕುಮದಾಗ ಹಾಕು ಅಂತ ಅದ, ತಗಿ ಅಂತ ಇಲ್ಲ ಅಂತ ಹೇಳಿ ಕಳಸಿದ್ರು. ಅವತ್ತಿಂದ ಹಾಕೂದು ಅಷ್ಟೇ."

ಮಾಳಿಗೆಯ ಮೇಲಿನ ಪದರುಗಳು ಹೇಗೆ ಬಂದವೆಂದು ಆಗ ನನಗೆ ಅರ್ಥವಾಯಿತು. ಇದನ್ನು ಅರ್ಜಿಯಲ್ಲಿ ಬರೆದರೆ ಎರಡು ಕಡೆ ಕೊಯ್ಯುತ್ತದೆ ಎಂಬುದೂ ಅರ್ಥವಾಯಿತು. ಹಳೆಯದನ್ನು ತೆಗೆಯಬೇಕೆಂದು ಇವರಿಗೆ ಗೊತ್ತಿತ್ತು. ತಮ್ಮ ಮನೆಗೆ ಹಾಗೆ ಮಾಡಿ ಸರ್ಕಾರದ ಮನೆಗೆ ಹೀಗೆ ಮಾಡಿದರು, ತೊಲೆ ಸೀಳಿದ್ದು ಇವರಿಂದಲೇ ಎಂದು ಯಾರಾದರೂ ಹೇಳಬಹುದು. ಮಾವನನ್ನು ಕೂಡಿಹಾಕಿದ್ದಕ್ಕೆ ಸಾಕ್ಷಿ ಯಾರಿದ್ದಾರೆ? ಇದನ್ನೆಲ್ಲ ಆಕೆಗೆ ಹೇಳಿ, ಬರೆಯಲೇ ಬೇಡವೇ ಎಂದು ಕೇಳಿದೆ.

ಆಕೆ ಎತ್ತಿನ ಮುಂದಿನ ಮೇವಿನ ಕಣಕಿಯನ್ನು ಒಟ್ಟುಮಾಡುತ್ತ ಕುಳಿತರು. ಆಮೇಲೆ ಹೇಳಿದರು: "ಬರೀಬ್ಯಾಡ. ಬಾಯಿಲೆ ಕೇಳಿದ್ರ ಹೇಳ್ತೀನಿ. ಕೇಳ್ಲಿಲ್ಲಂದ್ರ ಇಲ್ಲ."

ಸಂಜೆ ತಹಸೀಲದಾರರು ಕುದುರೆಯಿಂದ ಇಳಿದು, ಮುಖ ತೊಳೆದುಕೊಂಡು ಪಡಸಾಲೆಯಲ್ಲಿಯೇ ಕುಳಿತರು. ಮಿತಮಾತಿನವರು. ಕನ್ನಡ ಆಡಲು ಬರದಿದ್ದರೂ ತಿಳಿಯುತ್ತಿತ್ತು. ಓವರಸೀಯರರು ತಮ್ಮದನ್ನು ಹೇಳಿದರು, ಪೇಶಕಾರರು ಕಾಯದೆ ಹೇಳಿದರು. ನಾನು ಅರ್ಜಿ ಓದಿದೆ: ಮಣ್ಣು ತಂದಿದ್ದೇವೆ, ಹಾಕಲು ಬಿಡಲಿಲ್ಲ, ವರ್ಷ ತಪ್ಪಿತೆಂದು ಎಣಿಸಬಾರದು, ಹೊಲ ಹೋದರೆ ಮನೆಮಂದಿಗೆ ಬೇರೆ ಗತಿ ಇಲ್ಲ.

ತಹಸೀಲದಾರರು ಆಕೆಯನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ: "ನಿಮ್ಮ ಮನಿ ಮಾಳಗಿ ಮ್ಯಾಲನೂ ಇಷ್ಟೇ ಮಣ್ಣ ಅದ ಏನು ಅಂತ ಕೇಳ್ಲತಾರ."

ಇಲ್ಲೊಂದು ಸುಳ್ಳು ಹೇಳಿದ್ದರೂ ನಡೆದುಹೋಗುತ್ತಿತ್ತು. ಹಳ್ಳಿಗೆ ಹೋಗಿ ನೋಡುವವರು ಯಾರೂ ಇರಲಿಲ್ಲ. ಅದು ಆಕೆಗೂ ಗೊತ್ತಿತ್ತು. ಆಕೆ ನನ್ನ ಮುಖವನ್ನೂ ನೋಡಲಿಲ್ಲ, ಮಕ್ಕಳ ಮುಖವನ್ನೂ ನೋಡಲಿಲ್ಲ.

"ಇಲ್ರಿ," ಎಂದರು. "ನಮ್ಮಲ್ಲಿ ಹಳೀದು ತಗದು ಹಾಕ್ತೀವ್ರಿ."

ಪೇಶಕಾರರು ಕೂಡಲೆ ಬಾಯಿ ತೆರೆದರು. "ಬಘಾ! ತನ್ನ ಮನೀಗಿ ಒಂದು ನ್ಯಾಯ, ಸರ್ಕಾರಕ್ಕ ಒಂದು."

ಆಗ ಆಕೆ ಮಾವನ ಸಂಗತಿ ಹೇಳಿದರು. ಮಧ್ಯಾಹ್ನ ನನಗೆ ಹೇಳಿದಷ್ಟೇ, ಹೆಚ್ಚಿಲ್ಲ ಕಡಿಮೆ ಇಲ್ಲ. ತಹಸೀಲದಾರರು ಯಾರು ಕಂಡಿದ್ದಾರೆ ಎಂದು ಕೇಳಿದರು. ಹಿರಿಮಗ ಏನೋ ಹೇಳಲು ಹೋಗಿ ನಿಂತ. ಅವನು ಆಗ ಹುಟ್ಟಿರಲಿಲ್ಲ.

ಪೇಶಕಾರರು ತಮ್ಮ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಬೆವರು ಒರೆಸಿಕೊಂಡರು. ಆಮೇಲೆ ಯಾರನ್ನೂ ನೋಡದೆ ಉರ್ದುವಿನಲ್ಲಿ ತಹಸೀಲದಾರರಿಗೆ ಹೇಳಿದರು. ಆಕೆಯ ಮಾವ ಸಿಕ್ಕಿಬಿದ್ದ ವರ್ಷ ತಾವು ಇದೇ ಕಚೇರಿಯಲ್ಲಿ ಸಂಬಳವಿಲ್ಲದೆ ಕೆಲಸ ಕಲಿಯುವ ಉಮೇದವಾರರಾಗಿದ್ದರು. ಆ ರೈತನನ್ನು ಕೂಡಿಹಾಕಿದ್ದು ನಿಜ. ಅವನಿಗೆ ಕುಡಿಯಲು ನೀರು ಕೊಟ್ಟವರು ತಾವೇ. ಇಷ್ಟು ಹೇಳಿ ರುಮಾಲನ್ನು ಮತ್ತೆ ತಲೆಗೆ ಇಟ್ಟುಕೊಂಡರು. ಆಕೆಗೆ ಉರ್ದು ತಿಳಿಯದು. ನಾನು ಕನ್ನಡದಲ್ಲಿ ಹೇಳಿದಾಗ ಆಕೆ ಪೇಶಕಾರರನ್ನು ಬಹಳ ಹೊತ್ತು ನೋಡಿದರು. ಅವರು ತಿರುಗಿ ನೋಡಲಿಲ್ಲ.

ಈ ಮನುಷ್ಯ ಅಂದು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಸುಮ್ಮನಿರುವುದು ಅವರಿಗೆ ಸುಲಭವಿತ್ತು, ಅದರಲ್ಲಿ ಕಾಯದೆಯೂ ಅವರ ಕಡೆಗೇ ಇತ್ತು. ಒಳ್ಳೆಯವರೆಂದು ಅವರಿಗೆ ಹೆಸರಿರಲಿಲ್ಲ, ಮುಂದೆಯೂ ಆ ಹೆಸರು ಬರಲಿಲ್ಲ. ಕಂಡದ್ದನ್ನು ಕಂಡೆ ಎಂದು ಹೇಳಿದರು, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ನನಗೆ ಸಿಕ್ಕಿಲ್ಲ.

ಹೊಲದ ತೀರ್ಮಾನ ತಹಸೀಲದಾರರ ಕೈಯಲ್ಲಿ ಇರಲಿಲ್ಲ, ಅದು ಜಿಲ್ಲೆಯಿಂದ ಬರಬೇಕು. ಅವರ ಕೈಯಲ್ಲಿದ್ದಷ್ಟನ್ನು ಮಾಡಿದರು. ಈ ವರ್ಷದ ಚಾಕರಿ ಎಂದರೆ ಮಾಳಿಗೆಯ ಮಣ್ಣು ಇಳಿಸುವುದು. ಇಳಿಸಿ ಮುಗಿಸಿದರೆ ವರ್ಷ ತಪ್ಪಿಲ್ಲ ಎಂದು ಎಣಿಸಬೇಕು. ಮಣ್ಣು ಬಾಗಿಲು ದಾಟುವಾಗ ಯಾರೂ ತಡೆಯಬಾರದು. ಹಾಗೆ ಹುಕುಂ ಬರೆಸಿದರು.

ಆದರೂ ಪಹರೆಯವನು ಮರುದಿನ ಮೊದಲ ಗಾಡಿಯನ್ನು ತಡೆದ. ಹುಕುಂ ತೋರಿಸಿದರು. ಎರಡನೆಯ ಗಾಡಿಯನ್ನೂ ತಡೆದ. ಮತ್ತೆ ಅದೇ ಹುಕುಂ ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಕುರಿಗಾರ ಆ ಕಾಗದವನ್ನು ಒಂದು ಕೋಲಿಗೆ ಸಿಕ್ಕಿಸಿ ಬಾಗಿಲ ಬಳಿ ನೆಟ್ಟು, "ಓದ್ಕೋತ ನಿಂದ್ರು ಮಾಮಾ," ಎಂದು ಪಹರೆಯವನಿಗೆ ಹೇಳಿ ಹೋದ.

ಮಣ್ಣು ಇಳಿಯುವಷ್ಟು ದಿನವೂ ಊರಿನ ಮೇಲೆ ಬಿಳಿ ಧೂಳು. ಗುಮಾಸ್ತರ ಹುಬ್ಬು ನೆರೆತವು. ಹಳೆಯ ಮಾಳಿಗೆಯ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ಸುತ್ತಲಿನ ಒಕ್ಕಲಿಗರು ಗಾಡಿ ಕಟ್ಟಿಕೊಂಡು ಬಂದರು, ಆಕೆ ಯಾರನ್ನೂ ಬೇಡವೆನ್ನಲಿಲ್ಲ. ಭಾರ ಇಳಿದ ಮೇಲೂ ಬಗ್ಗಿದ ತೊಲೆಗಳು ನೆಟ್ಟಗಾಗಲಿಲ್ಲ. ಅವನ್ನೆಲ್ಲ ಬದಲಿಸಬೇಕಾಯಿತು. ಹಸಿರು ಕಂಬ, ಜಾಲಿಯ ಕಂಬ, ಕಲ್ಲಿನ ಕಂಬ ಒಂದೊಂದಾಗಿ ಹೋದವು. ಹಜಾರ ಇಷ್ಟು ದೊಡ್ಡದೆಂದು ನಮಗೆ ಯಾರಿಗೂ ತಿಳಿದಿರಲಿಲ್ಲ. ಅಲ್ಲಿ ಮಾತಾಡಿದರೆ ದನಿ ಮರಳಿ ಬರುತ್ತಿತ್ತು. ಪೇಶಕಾರರು ತಮ್ಮ ಎದುರಿನ ಕಂಬವನ್ನು ಬಿಡಬೇಕೆಂದು ಓವರಸೀಯರರನ್ನು ಕೇಳಿಕೊಂಡರು. ಅದಕ್ಕೆ ಹೊರಲು ಏನೂ ಇಲ್ಲವಲ್ಲ ಎಂದು ಅವರು ಕೇಳಿದರೆ, "ಇರಲಿ, ಪಕ್ಕಕ್ಕ ಬಾಗಿ ನೋಡೂ ರೂಢಿ ಆಗ್ಯದ, ನೆಟ್ಟಗ ನೋಡಿದ್ರ ಮಂದಿ ಗುರ್ತು ಸಿಗಾಂಗಿಲ್ಲ," ಎಂದರಂತೆ. ಇದು ಕೇಳಿದ್ದು. ಕಂಬವಂತೂ ಉಳಿಯಿತು.

ಗಚ್ಚಿನ ಕೆಲಸ ಮಳೆಯಿಂದಾಗಿ ನಿಂತು, ಮತ್ತೆ ಹಿಡಿದು, ಹಿಂಗಾರಿ ಬಿತ್ತನೆಯ ಹೊತ್ತಿಗೆ ಮುಗಿಯಿತು. ಅದೇ ಹೊತ್ತಿಗೆ ಜಿಲ್ಲೆಯಿಂದ ಜವಾಬು ಬಂತು. ಮಣ್ಣಿನ ಚಾಕರಿ ಇನ್ನಿಲ್ಲ. ಚಾಕರಿ ಮುಗಿದದ್ದು ಸರ್ಕಾರದ ಕಾರಣದಿಂದ, ಮನೆಯವರ ತಪ್ಪಿನಿಂದಲ್ಲ. ಆದ್ದರಿಂದ ಹೊಲ ಅವರಲ್ಲೇ ಉಳಿಯಬಹುದು, ಎಲ್ಲ ರೈತರಂತೆ ಪೂರ್ಣ ಕಂದಾಯ ಕೊಡತಕ್ಕದ್ದು. ನಾನು ಅದನ್ನು ಆಕೆಗೆ ಓದಿ ಹೇಳಿದೆ. ಎರಡನೆಯ ಸಲ ಓದು ಎಂದರು. ಓದಿದೆ.

"ಹೊಲಾ ಉಳೀತು ಯವ್ವಾ," ಎಂದೆ.

"ಉಳೀತು," ಎಂದರು. ಕಾಗದ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು, "ಮುನಶಿಯವರ, ಮಣ್ಣ ಯಾವಾಗರ ಸಿಗ್ತಿತ್ತು. ಮಳಿ ಬರ್ಲಿ ಬಿಡ್ಲಿ, ದಿಬ್ಬದಾಗ ಮಣ್ಣಿಗಿ ಏನ್ ಬರ ಅದ? ಇನ್ನ ಬೆಳಿ ಬಂದ್ರೂ ಕೊಡಬೇಕು, ಬರ್ಲಿಲ್ಲಂದ್ರೂ ಕೊಡಬೇಕು," ಎಂದರು.

ದೂರುವ ದನಿ ಅದರಲ್ಲಿ ಇರಲಿಲ್ಲ. ಹೊಸ ಎತ್ತು ಕೊಂಡವರು ಅದರ ಹಲ್ಲು ನೋಡುವಂತೆ ತಮಗೆ ಸಿಕ್ಕದ್ದನ್ನು ಆಕೆ ನೋಡುತ್ತಿದ್ದರು. ನಾನು ಪತ್ರಿಕೆಗೆ ಕಳಿಸಿದ ಸುದ್ದಿಯಲ್ಲಿ ಕಮಾನು, ಗಚ್ಚು, ಹಜಾರದ ವಿಸ್ತಾರ ಇದ್ದವು. ಹೊಲದ ಸಂಗತಿಯನ್ನೂ ಬರೆದಿದ್ದೆ, ಸಂಪಾದಕರು ಜಾಗ ಸಾಲದೆ ಬಿಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ವಾರ ಪ್ಲೇಗಿನ ಸುದ್ದಿ ಹೆಚ್ಚಿತ್ತು.

ಮರುವರ್ಷ ಕಂದಾಯದ ಮೊದಲ ಕಂತಿನ ದಿನ ಹಜಾರದಲ್ಲಿ ರೈತರ ಸಾಲು ಬಾಗಿಲಿನವರೆಗೆ ನಿಂತಿತ್ತು. ಆ ಮನೆಯವರು ತಲೆಮಾರುಗಳಿಂದ ಕಚೇರಿಗೆ ಬಂದಿದ್ದರು, ಸಾಲಿನಲ್ಲಿ ಎಂದೂ ನಿಂತಿರಲಿಲ್ಲ. ಚಾಕರಿಯ ದಿನ ಅವರಿಗೆ ಎಲೆ ಅಡಿಕೆ ಕೊಟ್ಟು ಕಳಿಸುವ ಪದ್ಧತಿ ಇತ್ತು. ಹಿರಿಮಗನನ್ನು ಕಳಿಸಬಹುದಿತ್ತು, ಆದರೆ ಆಕೆ ತಾವೇ ಬಂದರು. ಸೆರಗಿನ ತುದಿಯ ಗಂಟನ್ನು ಕೈಯಲ್ಲಿ ಹಿಡಿದು ಸಾಲಿನ ಕೊನೆಗೆ ಹೋಗಿ ನಿಂತರು. ಅವರ ಮುಂದೆ ನಿಂತಿದ್ದವನು ಕುರಿಗಾರ, ಅವನಿಗೂ ಒಂದು ತುಂಡು ಹೊಲವಿತ್ತು. ತಿರುಗಿ ನೋಡಿ ಸಾಲಿಗೆಲ್ಲ ಕೇಳುವಂತೆ ಹೇಳಿದ:

"ನೋಡ್ರೆಪೋ, ಇನಾಮದಾರ ಮಂದಿ ಸಾಲಿನ್ಯಾಗ ಬಂದಾರ! ಯಕ್ಕಾ, ನಮ್ಮ ಸಂಗ್ಟ ನಿಂತ್ರ ಕಾಲ ನೋಯ್ತಾವ, ಅಲ್ಲಿ ಪೇಶಕಾರ ಸಾಹೇಬ್ರ ಗಾದಿ ಮ್ಯಾಲ ಕುಂದ್ರು ಹೋಗ್."

ಜನ ನಕ್ಕರು. ಆಕೆಯೂ ನಗು ತಡೆದುಕೊಂಡದ್ದನ್ನು ನಾನು ಕಂಡೆ.

"ಬಂದೀನಪಾ," ಎಂದರು. "ಮುಂದ ಸರಿ. ನಿನ್ನ ಬೆನ್ನ ನೋಡ್ಕೋತ ನಿಂದ್ರಾಕ ಬಂದಿಲ್ಲ ನಾ."

ಅವನು ಸರಿದ. ಸಾಲು ಒಂದು ಹೆಜ್ಜೆ ಮುಂದೆ ಹೋಯಿತು.